ಪಾಲಿಹೌಸ್ ತಂಪಿಗೆ ತೆಂಗಿನ ನಾರು ಸಾಕಾ? ಹಿರಿಯೂರಿನ ಅಣ್ಣನ ಪ್ರಶ್ನೆಗೆ

ಹಿರಿಯೂರು ಕಡೆಯ ಅಣ್ಣ ಕೇಳಿದ್ದು ಇಷ್ಟು: ಹತ್ತು ಗುಂಟೆ ಪಾಲಿಹೌಸ್, ಕ್ಯಾಪ್ಸಿಕಂ ಬೆಳೆ. ಏಪ್ರಿಲ್‌ನಲ್ಲಿ ಒಳಗೆ 42 ಡಿಗ್ರಿ, ಹೂವು ಉದುರುತ್ತಿದೆ. ಒದ್ದೆ ಮಾಡಿ ಫ್ಯಾನ್‌ನಿಂದ ಗಾಳಿ ಹಾಯಿಸಿ ತಂಪು ಮಾಡುವ ಕಂಪನಿ ಪೇಪರ್ ಪ್ಯಾಡ್ ದುಬಾರಿ. ಗೋಣಿ ಚೀಲ, ತೆಂಗಿನ ನಾರು, ಲಾವಂಚ, ಇವುಗಳಲ್ಲಿ ಯಾವುದನ್ನಾದರೂ ಒದ್ದೆ ಮಾಡಿ ತಂಪು ಮಾಡಬಹುದಾ?

ಮಾಡಬಹುದು ಅಣ್ಣ, ನಿಮ್ಮ ಒಣ ಹವೆಗೆ ಚೆನ್ನಾಗಿಯೇ ಆಗುತ್ತದೆ. ಆದರೆ ಪೂರ್ತಿ ಹತ್ತು ಗುಂಟೆಗೆ ಬೇಡ. ಸಸಿ ಬೆಳೆಸುವ ನರ್ಸರಿಗೆ ಮಾತ್ರ ಮಾಡಿ.

ಮೊದಲು ಖರ್ಚಿಲ್ಲದ ಒಂದು ಪರೀಕ್ಷೆ. ಥರ್ಮಾಮೀಟರ್ ಬುಡಕ್ಕೆ ಒದ್ದೆ ಹತ್ತಿ ಬಟ್ಟೆ ಸುತ್ತಿ, ಮಧ್ಯಾಹ್ನ ನೆರಳಲ್ಲಿಟ್ಟು ಫ್ಯಾನ್ ಗಾಳಿ ಬಿಡಿ. ಇಳಿಯುತ್ತಾ ಎಲ್ಲಿ ನಿಲ್ಲುತ್ತದೋ ಅದೇ ಕೊನೆ. ಯಾವ ಪ್ಯಾಡ್ ಹಾಕಿದರೂ ಅದಕ್ಕಿಂತ ಕೆಳಗೆ ಹೋಗುವುದಿಲ್ಲ. ಹೊರಗೆ 38 ಡಿಗ್ರಿ, ತೇವಾಂಶ ಶೇ. 25 ಇದ್ದರೆ ಅದು ಸುಮಾರು 23ಕ್ಕೆ ನಿಲ್ಲುತ್ತದೆ. ನಡುವಿನ 15 ಡಿಗ್ರಿಯಲ್ಲಿ ಒಳ್ಳೆ ನಾರಿನ ಪ್ಯಾಡ್ ಮೂರರಲ್ಲಿ ಎರಡು ಪಾಲು ಇಳಿಸಿಕೊಟ್ಟರೂ ಒಳಗೆ ಬರುವ ಗಾಳಿ 28ರ ಆಸುಪಾಸು. ಅದೇ ಮಂಗಳೂರಿನಲ್ಲಿ 34 ಡಿಗ್ರಿ, ಶೇ. 65 ತೇವಾಂಶ ಇದ್ದರೆ ಒದ್ದೆ ಬಟ್ಟೆ 28ರ ಮೇಲೆಯೇ ನಿಂತುಬಿಡುತ್ತದೆ. ಕರಾವಳಿಯವರು ದಯವಿಟ್ಟು ಈ ಉತ್ತರ ನೋಡಿ ದುಡ್ಡು ಹಾಕಬೇಡಿ. ನಿಮಗೆ ನೆರಳು, ಗಾಳಿಯೇ ಸರಿ.

ಈಗ ವಸ್ತುವಿನ ವಿಷಯ. ಗೋಣಿ ಚೀಲ ನೀರು ಚೆನ್ನಾಗಿ ಹಿಡಿಯುತ್ತದೆ, ಆದರೆ ಒದ್ದೆಯಾದಾಗ ನೇಯ್ಗೆಯ ಸಂದು ಮುಚ್ಚಿಕೊಂಡು ಗಾಳಿ ನುಗ್ಗುವುದಿಲ್ಲ. ಬೇಗ ಕೊಳೆಯುತ್ತದೆ, ಪಾಚಿಯೂ ಜಾಸ್ತಿ. ಪಾಲಿಹೌಸ್ ಸುತ್ತ ಸುಮ್ನೆ ಗೋಣಿ ತೂಗುಹಾಕಿ ನೀರು ಚಿಮುಕಿಸಿದರೆ ಗೋಣಿ ತಂಪಾಗುತ್ತದೆ ಅಷ್ಟೇ. ಲಾವಂಚ ಕೆಲಸ ಮಾಡುತ್ತದೆ, ಘಮವೂ ಇದೆ, ಆದರೆ ಆ ಬೆಲೆಗೆ ಮನೆ ಕಿಟಕಿಗೇ ಇರಲಿ. ನಮ್ಮ ಕಡೆಗೆ ತೆಂಗಿನ ನಾರೇ ವಾಸಿ. ಕೊಳೆಯುವುದು ನಿಧಾನ, ನೆನೆದರೂ ಬಿರುಸು ಬಿಡುವುದಿಲ್ಲ, ತಿಪಟೂರು, ಅರಸೀಕೆರೆ ಸುತ್ತ ಬೇಕಾದಷ್ಟು ಸಿಗುತ್ತದೆ.

ತಂದ ನಾರನ್ನು ಹಾಗೇ ತುಂಬಬೇಡಿ. ಚೆನ್ನಾಗಿ ಕೊಡವಿ ಪುಡಿ ತೆಗೆಯಿರಿ, ಇಲ್ಲದಿದ್ದರೆ ಪಂಪೇ ಕಟ್ಟಿಕೊಳ್ಳುತ್ತದೆ. ಆಮೇಲೆ ತೊಟ್ಟಿಯಲ್ಲಿ ನೆನೆಹಾಕಿ, ಕಂದು ನೀರು ತಿಳಿಯಾಗುವವರೆಗೆ ನೀರು ಬದಲಿಸಿ. ಎರಡು ವೆಲ್ಡ್ ಮೆಷ್ (ತಂತಿ ಬಲೆ) ನಡುವೆ ಎರಡು ಮೂರು ಇಂಚು ದಪ್ಪಕ್ಕೆ ಬಿಡಿಬಿಡಿಯಾಗಿ ಹರಡಿ. ಬೆಳಕಿಗೆ ಹಿಡಿದರೆ ಅಲ್ಲಲ್ಲಿ ಚುಕ್ಕೆ ಚುಕ್ಕೆ ಬೆಳಕು ಕಾಣಬೇಕು. ಅಡಿಗೊಂದು ಕಡೆ ತಂತಿಯಿಂದ ಹೊಲಿಯಿರಿ. ಹೊಲಿಯದಿದ್ದರೆ ನೆನೆದ ನಾರು ಕೆಳಗೆ ಕುಸಿದು ಮೇಲೆ ಸಂದು ಬೀಳುತ್ತದೆ. ಬಿಸಿಗಾಳಿಗೆ ಅಷ್ಟು ದಾರಿ ಸಾಕು, ಒದ್ದೆ ನಾರಿನ ಕಡೆ ತಿರುಗಿಯೂ ನೋಡುವುದಿಲ್ಲ! ಮನೆಯಲ್ಲೇ ಮಾಡಿದ ಪ್ಯಾಡುಗಳು ಕೈಕೊಡುವುದು ಹೆಚ್ಚಾಗಿ ಇಲ್ಲೇ.

ನೀರಿನ ಪೈಪಿನ ತೂತು ಮೇಲ್ಮುಖವಾಗಿರಲಿ, ಕಸ ಕಟ್ಟುವುದು ಕಡಿಮೆ. ಅದರ ಮೇಲೆ ಅರ್ಧ ಸೀಳಿದ ಪೈಪ್ ಕವುಚಿದರೆ ನೀರು ಬಡಿದು ಸಮನಾಗಿ ಇಳಿಯುತ್ತದೆ. ಕೆಳಗೆ ಇನ್ನೊಂದು ಅರ್ಧ ಪೈಪ್, ಅಲ್ಲಿಂದ ಜಾಲರಿ ದಾಟಿ ಮತ್ತೆ ತೊಟ್ಟಿಗೆ. ತೊಟ್ಟಿಗೆ ಬಿಸಿಲು ಬೀಳಬಾರದು. ಸಂಜೆ ಮೊದಲು ಪಂಪ್ ನಿಲ್ಲಿಸಿ, ಪ್ಯಾಡ್ ಒಣಗಿದ ಮೇಲೆ ಫ್ಯಾನ್ ನಿಲ್ಲಿಸಿ. ಪಾಚಿಗೆ ಇದಕ್ಕಿಂತ ಒಳ್ಳೆ ಔಷಧಿ ಇಲ್ಲ.

ಅಳತೆಗೆ ಬರೋಣ. 20 ಅಡಿ ಅಗಲ, 50 ಅಡಿ ಉದ್ದ, 10 ಅಡಿ ಎತ್ತರದ ನರ್ಸರಿ ಅಂದುಕೊಳ್ಳಿ. ಒಳಗಿನ ಗಾಳಿ 10,000 ಘನ ಅಡಿ. ನಿಮಿಷಕ್ಕೊಮ್ಮೆ ಅಷ್ಟೂ ಬದಲಾಗಬೇಕು, ಅಂದರೆ ಫ್ಯಾನ್ 10,000 ಸಿಎಫ್‌ಎಂ (ನಿಮಿಷಕ್ಕೆ ಎಳೆಯುವ ಘನ ಅಡಿ ಗಾಳಿ). ನಾರಿನ ಪ್ಯಾಡ್ ಚದರ ಅಡಿಗೆ ನಿಮಿಷಕ್ಕೆ 150 ಘನ ಅಡಿ ಲೆಕ್ಕ ಹಿಡಿದರೆ 67 ಚದರ ಅಡಿ ಸಾಕು. ಅಗಲದ ಗೋಡೆಯುದ್ದಕ್ಕೂ ಮೂರೂವರೆ ಅಡಿ ಎತ್ತರ ಬರುತ್ತದೆ. ಫ್ಯಾನ್ ಎದುರು ಗೋಡೆಗೆ, ಗಾಳಿ ಹೊರಗೆಳೆಯುವಂತೆ. ಪಂಪ್ ಗಂಟೆಗೆ 1,500 ಲೀಟರ್ ತಿರುಗಿಸಲಿ. ಅದರಲ್ಲಿ ಆವಿಯಾಗಿ ಹೋಗುವುದು ಗಂಟೆಗೆ 70-80 ಲೀಟರ್.

ಇದೇ ಲೆಕ್ಕವನ್ನು ನಿಮ್ಮ ಹತ್ತು ಗುಂಟೆಗೆ, 15 ಅಡಿ ಎತ್ತರಕ್ಕೆ ಹಾಕಿದರೆ ಹದಿನಾರು ಪಟ್ಟು. ದಿನಕ್ಕೆ ಆರು ಗಂಟೆ ಓಡಿಸಿದರೆ 7,000 ಲೀಟರ್ ಹತ್ತಿರ, ಒಂದು ಟ್ಯಾಂಕರ್ ನೀರು. ಬೇಸಿಗೆಯಲ್ಲಿ ಹಿರಿಯೂರಿನ ಬೋರ್‌ವೆಲ್‌ಗೆ ಇದು ಭಾರ ಅಲ್ವಾ? ಮೇಲಾಗಿ ಫ್ಯಾನ್ ಎಳೆಯಬೇಕೆಂದರೆ ಸುತ್ತಲಿನ ಪರದೆ, ಮೇಲಿನ ಕಿಂಡಿ ಎಲ್ಲ ಮುಚ್ಚಿರಬೇಕು. ಆ ಹೊತ್ತಲ್ಲಿ ಕರೆಂಟ್ ಹೋದರೆ ಬೆಳೆ ಒಳಗೇ ಬೇಯುತ್ತದೆ. ಪಂಪ್‌ಸೆಟ್ಟಿನ ತ್ರೀ ಫೇಸ್ ನಂಬಿ ಈ ಕೆಲಸಕ್ಕೆ ಇಳಿಯಬೇಡಿ.

ದೊಡ್ಡ ಪಾಲಿಹೌಸ್‌ಗೆ ನೆರಳಿನಿಂದಲೇ ಶುರು ಮಾಡಿ. ಶೇ. 50ರ ಶೇಡ್ ನೆಟ್ ಪಾಲಿಥೀನ್ ಮೇಲೆ, ಹೊರಗಡೆ ಬರಲಿ. ಒಳಗೆ ಕಟ್ಟಿದರೆ ನೆಟ್ ಬಿಸಿಯಾಗಿ ಆ ಬಿಸಿ ಒಳಗೇ ಉಳಿಯುತ್ತದೆ. ಪಕ್ಕದ ಇನ್ಸೆಕ್ಟ್ ನೆಟ್‌ನಲ್ಲಿ ಧೂಳು ಕೂತಿದ್ದರೆ ತೊಳೆಯಿರಿ, ಗಾಳಿ ಅರ್ಧ ಅಲ್ಲೇ ನಿಂತಿರುತ್ತದೆ.

ಉಪ್ಪಿನ ವಿಷಯ ಮರೆಯಬೇಡಿ. ಆವಿ ಹೋಗುತ್ತದೆ, ಬೋರ್ ನೀರಿನ ಸುಣ್ಣ, ಉಪ್ಪು ತೊಟ್ಟಿಯಲ್ಲೇ ಉಳಿಯುತ್ತದೆ. ಎರಡು ಮೂರು ದಿನಕ್ಕೊಮ್ಮೆ ತೊಟ್ಟಿ ಖಾಲಿ ಮಾಡಿ. ಆ ನೀರು ತೆಂಗಿನ ಬುಡಕ್ಕೆ ಹೋಗಲಿ, ಸಸಿಗಳಿಗೆ ಬೇಡ. ನಾರಿನ ಮೇಲೆ ಬಿಳಿ ಪದರ ಗಟ್ಟಿಯಾದರೆ ನಾರು ಬದಲಿಸಿ. ಹಳೆಯದು ಮಲ್ಚಿಂಗ್‌ಗೆ (ಗಿಡದ ಬುಡಕ್ಕೆ ಹೊದಿಸಲು) ಆಗುತ್ತದೆ, ಪೇಪರ್ ಪ್ಯಾಡಿಗಿಂತ ಇದರಲ್ಲಿ ನನಗೆ ಇಷ್ಟವಾಗುವುದೂ ಅದೇ.

ಕೆಳಗೆ ಇನ್ನೊಬ್ಬರು ಇಟ್ಟಿಗೆ, ಮರಳಿನ ತಂಪು ಕೋಣೆ ಬಗ್ಗೆ ಕೇಳಿದ್ದರು. ಅದು ಕೊಯ್ದ ಕಾಯಿಗೆ. ಜೋಡಿ ಇಟ್ಟಿಗೆ ಗೋಡೆ, ನಡುವೆ ಮೂರು ಇಂಚು ಮರಳು ತುಂಬಿ, ಬೆಳಿಗ್ಗೆ ಸಂಜೆ ನೀರು ಹಾಕುವುದು. ದೆಹಲಿಯ ಪೂಸಾ ಸಂಸ್ಥೆಯವರು ರೂಪಿಸಿದ್ದು, ಕರೆಂಟೇ ಬೇಡ. ಕ್ಯಾಪ್ಸಿಕಂ ಕ್ರೇಟ್ ಮಾರ್ಕೆಟ್ಟಿಗೆ ಹೋಗುವವರೆಗೆ ಬಾಡದೆ ಇರುತ್ತದೆ.

ಅಣ್ಣ, ನರ್ಸರಿಯ ಅಳತೆ ಹಾಕಿ, ಹಗಲು ಸಿಂಗಲ್ ಫೇಸ್ ಎಷ್ಟು ಹೊತ್ತು ಇರುತ್ತದೆ ಅಂತಲೂ ಬರೆಯಿರಿ. ಫ್ಯಾನ್ ಒಂದು ದೊಡ್ಡದೋ, ಎರಡು ಸಣ್ಣವೋ ಅಂತ ಇಲ್ಲೇ ಲೆಕ್ಕ ಹಾಕೋಣ.