ಇಂಪಲ್ಸ್‌ಗೆ ಕರಿಜ್ಮಾ ಎಂಜಿನ್ ಕೂರುತ್ತಾ? ಕೂರುತ್ತೆ, ಆದ್ರೆ ಗುಜರಿಗೆ ಹೋಗೋ ಮುಂಚೆ ಇದನ್ನೊಮ್ಮೆ ಓದಿ

ನೀವು ಕೇಳಿರೋದು ಇಷ್ಟು: 2012ರ ಹೀರೋ ಇಂಪಲ್ಸ್ ಬೈಕ್ ಇದೆ, ಘಾಟಿ ಹತ್ತುವಾಗ ಹಿಂದೆ ಒಬ್ಬರು ಕೂತರೆ ಗಾಡಿ ಏದುಸಿರು ಬಿಡುತ್ತೆ, ಹೀರೋದ್ದೇ ದೊಡ್ಡ ಬೈಕ್ ಕರಿಜ್ಮಾದ 223 ಸಿಸಿ ಎಂಜಿನ್ ಹಾಕಿಸಿದರೆ ಹೇಗೆ, ಎಷ್ಟು ಖರ್ಚು?

ಎಂಜಿನ್ ಕೂರುತ್ತೆ. ಮೂಡಿಗೆರೆ ಹತ್ತಿರ ನಮ್ಮ ತೋಟದಲ್ಲಿರೋ ಇಂಪಲ್ಸ್‌ಗೆ ನಾನೇ ಮುಂದೆ ನಿಂತು ಹಾಕಿಸಿದ್ದೇನೆ. ಆದರೆ ನಿಮ್ಮ ಗಾಡಿಗೆ ಈಗಲೇ ಮಾಡಿಸಿ ಅಂತ ಹೇಳೋಕೆ ನನಗೆ ಮನಸ್ಸಿಲ್ಲ. ಯಾಕೆ ಅಂತ ಹೇಳ್ತೀನಿ.

ಈ ಆಸೆ ಎಲ್ಲರಿಗೂ ಹುಟ್ಟೋದಕ್ಕೆ ಕಾರಣ ಇದೆ. 2011ರ ಕೊನೆಗೆ ಇಂಪಲ್ಸ್ ಬಂದಾಗ ಅಂಥ ಗಾಡಿ ಆ ಬೆಲೆಗೆ ನಮ್ಮಲ್ಲಿ ಬೇರೆ ಇರಲಿಲ್ಲ. ಬ್ರೆಜಿಲ್‌ನಲ್ಲಿ ಓಡ್ತಿದ್ದ ಹೋಂಡಾ ಎನ್‌ಎಕ್ಸ್‌ಆರ್ 150 ಬ್ರೋಸ್‌ನ ಮೈಕಟ್ಟು, ನೆಲದಿಂದ 245 ಮಿ.ಮೀ. ಎತ್ತರ, 134 ಕೆ.ಜಿ. ತೂಕ, ಉದ್ದ ಫೋರ್ಕು. ಕೊರತೆ ಅಂದ್ರೆ ಎಂಜಿನ್ ಒಂದೇ. 149 ಸಿಸಿ, 13 ಹಾರ್ಸ್‌ಪವರ್ ಚಿಲ್ಲರೆ. ಕರಿಜ್ಮಾದ್ದು 223 ಸಿಸಿ, 17 ಹಾರ್ಸ್‌ಪವರ್. ಅದಕ್ಕಿಂತ ಮುಖ್ಯ ಟಾರ್ಕ್, ಅಂದ್ರೆ ಎಂಜಿನ್ ತಿರುಗಿಸೋ ಬಲ: ಇಂಪಲ್ಸ್‌ನಲ್ಲಿ 13.4 ನ್ಯೂಟನ್ ಮೀಟರ್ ಇದ್ದರೆ ಇದರಲ್ಲಿ 18 ದಾಟುತ್ತೆ. ಕಡಿದಾದ ತಿರುವಲ್ಲಿ ಕೆಲಸಕ್ಕೆ ಬರೋದು ಅದು. ಇನ್ನೊಂದು ವಿಷಯ ತುಂಬಾ ಜನಕ್ಕೆ ಗೊತ್ತಿಲ್ಲ. ಕರಿಜ್ಮಾ ಎಂಜಿನ್ನು ಹೋಂಡಾದ ಸಿಆರ್‌ಎಫ್ 230 ಅನ್ನೋ ಮಣ್ಣುದಾರಿ ಬೈಕಿನ ಎಂಜಿನ್ ವಂಶದ್ದು. ನಾವು ಅದನ್ನು ಹೈವೇ ಗಾಡಿಯಲ್ಲೇ ನೋಡಿ ಅಭ್ಯಾಸ, ಅಷ್ಟೇ. ಹಾಗಾಗಿ ಈ ಜೋಡಿ ಹುಚ್ಚು ಕಲ್ಪನೆ ಏನಲ್ಲ. ಸರಿಯಾಗಿ ಕೂರಿಸಿದ ಗಾಡಿ ಓಡಿಸಿದರೆ ಕಂಪನಿಯವರೇ ಯಾಕೆ ಹೀಗೆ ಮಾಡಲಿಲ್ಲ ಅಂತ ಹೊಟ್ಟೆ ಉರಿಯುತ್ತೆ.

ಕಷ್ಟ ಇರೋದು 'ಸರಿಯಾಗಿ' ಅನ್ನೋ ಮಾತಲ್ಲಿ.

ಎಂಜಿನ್ನನ್ನು ಫ್ರೇಮಿಗೆ ಬಿಗಿಯೋ ಫೌಂಡೇಶನ್ ಬೋಲ್ಟ್‌ಗಳ ತೂತು ಎರಡು ಎಂಜಿನ್‌ಗಳಲ್ಲಿ ಹೊಂದಲ್ಲ, ಬ್ರಾಕೆಟ್ ಮಾಡಿಸಲೇಬೇಕು. ನಾನು ಮೊದಲು ಕೊಟ್ಟಿದ್ದ ವೆಲ್ಡಿಂಗ್ ಅಂಗಡಿಯವರು ಎಂಜಿನ್ನನ್ನು ಫ್ರೇಮಿನ ನಡುಮಧ್ಯಕ್ಕೆ ಕಣ್ಣಳತೆಯಲ್ಲಿ ಇಟ್ಟು, ತೆಳು ತಗಡಿನ ಬ್ರಾಕೆಟ್ ಬೆಸೆದು ಕೊಟ್ಟರು. ನೋಡೋಕೆ ಚೆನ್ನಾಗಿತ್ತು, ಪೇಂಟ್ ಕೂಡ ಹೊಡೆದಿದ್ದರು. ಮೂರು ತಿಂಗಳಿಗೆ ಹ್ಯಾಂಡಲ್‌ನಲ್ಲಿ ಹೊಸದೊಂದು ನಡುಕ ಶುರುವಾಯ್ತು. ಗಾಡಿ ತೊಳೆದು ಟಾರ್ಚ್ ಬಿಟ್ಟು ನೋಡಿದೆ. ಮುಂದಿನ ಬ್ರಾಕೆಟ್‌ನಲ್ಲಿ, ವೆಲ್ಡಿಂಗ್ ಮುಗಿಯೋ ಅಂಚಿನಲ್ಲಿ, ಕೂದಲೆಳೆಯಷ್ಟು ತೆಳ್ಳಗಿನ ಕಂದು ಗೆರೆ. ಒಣಗಿದ ಕೆಮ್ಮಣ್ಣು ಅಂದ್ಕೊಂಡು ಉಗುರಲ್ಲಿ ಕೆರೆದರೆ ಹೋಗಲಿಲ್ಲ. ಬಿರುಕಿನ ಒಳಗಿಂದ ಬಂದ ತುಕ್ಕು ಅದು. ಹಿಂದಿನ ವಾರವಷ್ಟೇ ಅದೇ ಗಾಡಿಯಲ್ಲಿ ತಂಗಿಯನ್ನು ಕೂರಿಸಿಕೊಂಡು ಚಾರ್ಮಾಡಿ ಇಳಿದಿದ್ದೆ. ಅದನ್ನ ನೆನೆಸಿಕೊಂಡರೆ ಈಗಲೂ ಎದೆ ಝಲ್ ಅನ್ನುತ್ತೆ.

ಎರಡನೇ ತಪ್ಪು ಚೈನ್ ಲೈನ್, ಅಂದ್ರೆ ಚೈನ್ ಓಡೋ ನೇರ. ನಿಜವಾಗಿ ದುಡ್ಡು ತಿಂದಿದ್ದು ಇದು. ಎಂಜಿನ್ ಫ್ರೇಮಿನ ಮಧ್ಯದಲ್ಲಿ ಕೂತರೆ ಸಾಲದು, ಮುಂದಿನ ಸ್ಪ್ರಾಕೆಟ್ಟು (ಚೈನ್ ಕೂರೋ ಹಲ್ಲಿನ ಚಕ್ರ) ಹಿಂದಿನ ಸ್ಪ್ರಾಕೆಟ್ಟಿನ ನೇರಕ್ಕೆ ಬರಬೇಕು. ನಮ್ಮದರಲ್ಲಿ ನಾಲ್ಕು ಮಿ.ಮೀ. ಆಚೆ ಇತ್ತು. ನಾಲ್ಕೇ ತಾನೆ ಅನ್ನಬೇಡಿ. ಹಿಂದಿನ ಸ್ಪ್ರಾಕೆಟ್ಟಿನ ಹಲ್ಲುಗಳು ಒಳಮೈಯಲ್ಲಿ ಮಾತ್ರ ಉಜ್ಜಿದ ಹಿತ್ತಾಳೆ ಥರ ಹೊಳೀತಿದ್ದವು. ಹೊಸ ಚೈನ್ ಸೆಟ್ಟು ಮೂರು ಸಾವಿರ ಕಿ.ಮೀ.ಗೆ ಮುಗಿದುಹೋಯ್ತು. ಇದನ್ನ ನೋಡೋಕೆ ಯಂತ್ರ ಏನೂ ಬೇಡ. ಹಿಂದಿನ ಸ್ಪ್ರಾಕೆಟ್ಟಿನ ಮುಖಕ್ಕೆ ದಾರ ಒತ್ತಿ ಹಿಡಿದು ಮುಂದಕ್ಕೆ ಬಿಗಿಯಾಗಿ ಎಳೀರಿ. ದಾರ ಮುಂದಿನ ಸ್ಪ್ರಾಕೆಟ್ಟಿನ ಮುಖಕ್ಕೂ ಹಾಗೇ ತಾಗಬೇಕು. ಆಮೇಲೇನೇ ಬ್ರಾಕೆಟ್ ಅಳತೆ ತಗೋಬೇಕು. ಸ್ಪ್ರಾಕೆಟ್ ಹಿಂದೆ ವಾಷರ್ ಹಾಕಿ ಸರಿಮಾಡ್ತೀನಿ ಅನ್ನೋ ಮೆಕ್ಯಾನಿಕ್ ಸಿಕ್ಕಿದರೆ ಗಾಡಿ ವಾಪಸ್ ತಗೊಂಡು ಬನ್ನಿ.

ಎರಡನೇ ಸಲ ಲೇತ್ ಇರೋ ಅಂಗಡಿಯಲ್ಲಿ ಆರು ಮಿ.ಮೀ. ಪ್ಲೇಟ್‌ನಲ್ಲಿ, ಬುಷ್ ಹಾಕಿಸಿ, ಫ್ರೇಮಿನ ಮೂಲ ತೂತುಗಳಿಗೇ ಬೋಲ್ಟ್ ಆಗೋ ಹಾಗೆ ಮಾಡಿಸಿದೆ. ಫ್ರೇಮಿನಲ್ಲಿ ಕಂಪನಿ ಕೊಟ್ಟ ಲಗ್ (ಬೋಲ್ಟ್ ಕೂರೋ ಕಿವಿ) ಒಂದನ್ನೂ ಕೊಯ್ಯಲು ಬಿಡಬೇಡಿ. ಹಳೇ ಎಂಜಿನ್ ವಾಪಸ್ ಕೂರಿಸೋ ದಾರಿ ಯಾವಾಗಲೂ ತೆರೆದಿರಬೇಕು. ಗಾಡಿ ಮೇಲೆ ವೆಲ್ಡಿಂಗ್ ಮಾಡೋದಾದ್ರೆ ಮೊದಲು ಬ್ಯಾಟರಿ, ಸಿಡಿಐ (ಸ್ಪಾರ್ಕ್ ಕೊಡಿಸೋ ಎಲೆಕ್ಟ್ರಾನಿಕ್ ಡಬ್ಬಿ) ಬಿಚ್ಚಿಡಿ.

ವೈರಿಂಗ್ ಬಗ್ಗೆ ಹೆಚ್ಚು ಹೇಳಲ್ಲ. ಸಿಡಿಐ, ಕಾಯಿಲ್, ರೆಗ್ಯುಲೇಟರ್ ಎಲ್ಲಾ ಕರಿಜ್ಮಾದ್ದೇ ಎಂಜಿನ್ ಜೊತೆ ಬರಬೇಕು, ಕಾರ್ಬ್ಯುರೇಟರ್ ಕೂಡ. ಕರಿಜ್ಮಾ ಜೆಡ್‌ಎಂಆರ್ ಅನ್ನೋ ಮಾದರಿಯ ಫ್ಯೂಯೆಲ್ ಇಂಜೆಕ್ಷನ್ ಎಂಜಿನ್ ಅಗ್ಗಕ್ಕೆ ಸಿಕ್ಕಿತು ಅಂತ ತರಬೇಡಿ. ಅದಕ್ಕೆ ಟ್ಯಾಂಕಿನ ಪಂಪ್, ಇಸಿಯು (ಎಂಜಿನ್ನಿನ ಕಂಪ್ಯೂಟರ್), ಸೆನ್ಸರ್ ಅಂತ ಬಾಲ ಬೆಳೀತಾ ಹೋಗುತ್ತೆ. ಇಷ್ಟೆಲ್ಲಾ ಸಾಮಾನು ಜೊತೆಗೇ ಬೇಕಾದ್ದರಿಂದ ಬಿಡಿ ಎಂಜಿನ್ ಬದಲು ಪೂರ್ತಿ ಕರಿಜ್ಮಾ ಗಾಡಿಯನ್ನೇ ಕೊಳ್ಳೋದು ವಾಸಿ. ಶಿವಾಜಿನಗರದ ಗುಜರಿಯಲ್ಲಿ ಬಿಡಿ ಎಂಜಿನ್ ಸಿಗಬಹುದು, ಆದರೆ ಅದು ಯಾವ ಗಾಡಿಯದ್ದು, ಕದ್ದಿದ್ದಾ ಅಂತ ನಿಮಗೆ ಯಾರು ಹೇಳ್ತಾರೆ? ನಾನು ಆರ್‌ಸಿ ಸಮೇತ ಹಳೇ ಕರಿಜ್ಮಾ 24,000ಕ್ಕೆ ತಗೊಂಡೆ. ಬ್ರಾಕೆಟ್ ಎರಡು ಸಲ, ಬೆಂಡ್ ಪೈಪ್, ಚೈನ್ ಸೆಟ್ ಎರಡು ಸಲ, ಕ್ಲಚ್ ಪ್ಲೇಟ್, ಕೇಬಲ್ ಎಲ್ಲಾ ಸೇರಿ ಇನ್ನೂ 31,000 ಆಯ್ತು. ಇದು ಏಳೆಂಟು ವರ್ಷದ ಹಿಂದಿನ ಲೆಕ್ಕ.

ಈಗ ಕಾನೂನು. ಇದನ್ನ ಹಾರಿಸಿ ಓದಬೇಡಿ ಅಂತ ಕೈಮುಗಿದು ಕೇಳ್ತೀನಿ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ, ತಯಾರಕರು ಮೂಲದಲ್ಲಿ ಕೊಟ್ಟ ವಿವರಕ್ಕೆ ಹೊಂದದ ಹಾಗೆ ಗಾಡಿ ಬದಲಾಯಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಗಟ್ಟಿಮಾಡಿ ಹೇಳಿತು. ಅದೇ ವರ್ಷ ಕಾಯ್ದೆಗೆ ತಿದ್ದುಪಡಿ ಬಂದು, ಒಂದೊಂದು ಬದಲಾವಣೆಗೂ 5,000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಜೈಲು, ಅಥವಾ ಎರಡೂ ಅಂತ ಆಯ್ತು. 150 ಸಿಸಿ ಅಂತ ಆರ್‌ಸಿ ಇರೋ ಗಾಡಿಗೆ ಬೇರೆ ಮಾದರಿಯ 223 ಸಿಸಿ ಎಂಜಿನ್ ಕೂರಿಸೋದು ಸೀದಾ ಇದರ ಕೆಳಗೇ ಬರುತ್ತೆ. ನಿಮ್ಮದು 2012ರ ಗಾಡಿ, ಹದಿನೈದು ವರ್ಷ ಅಂದ್ರೆ 2027ಕ್ಕೆ ಆರ್‌ಸಿ ನವೀಕರಣ. ಆವತ್ತು ಆರ್‌ಟಿಒದಲ್ಲಿ ಚಾಸಿ ನಂಬರ್, ಎಂಜಿನ್ ನಂಬರ್ ಎರಡನ್ನೂ ನೋಡ್ತಾರೆ. ಇವೆಲ್ಲಕ್ಕಿಂತ ನನ್ನನ್ನ ಕಾಡೋದು ಇನ್ಶೂರೆನ್ಸ್. ನೀವು ಯಾರಿಗೋ ಗುದ್ದಿ ಅವರ ಕಾಲು ಮುರಿದರೆ, ವಿಮೆ ಕಂಪನಿ 'ಈ ಎಂಜಿನ್ ಪಾಲಿಸಿಯಲ್ಲಿಲ್ಲ' ಅಂತ ತಕರಾರು ತೆಗೆದು ಪರಿಹಾರ ನಿಮ್ಮ ತಲೆ ಮೇಲೆ ಬರಬಹುದು. ನಾನು ಎರಡು ವರ್ಷ ಹಾಗೇ ರಸ್ತೆಯಲ್ಲಿ ಓಡಿಸಿದೆ. ಅದು ತಪ್ಪು. 2019ರ ನಂತರ ಆ ಗಾಡಿ ತೋಟದ ಗೇಟು ದಾಟಿಲ್ಲ. ಕಾಫಿ ಗಿಡದ ಮಧ್ಯೆ, ನಮ್ಮದೇ ಜಾಗದಲ್ಲಿ ಓಡುತ್ತೆ. ಹಳೇ 150 ಎಂಜಿನ್ ಗ್ರೀಸ್ ಹಚ್ಚಿ ಗೋಣಿಚೀಲದಲ್ಲಿ ಸುತ್ತಿ ಗೋಡೌನಿನಲ್ಲಿ ಇಟ್ಟಿದ್ದೇನೆ.

ಹಾಗಾದ್ರೆ ಘಾಟಿ ಹತ್ತೋದು ಹೇಗೆ?

ನನ್ನ ಭಾವನ ಹತ್ತಿರವೂ ಇಂಪಲ್ಸ್ ಇದೆ. ನಿಮ್ಮ ಹಾಗೇ ಅವರೂ ಎಂಜಿನ್ ಬದಲಾಯಿಸೋಣ ಅಂತ ಬಂದರು. ನನ್ನ ಅನುಭವ ಆದಮೇಲೆ ನಾನು ಬಿಡಲಿಲ್ಲ. ಮೊದಲು ಎಂಜಿನ್ ಬಿಚ್ಚಿಸಿದೆವು. ಪಿಸ್ಟನ್ ತಲೆ ಮೇಲೆ ಮಸಿ ಪದರ ಕಟ್ಟಿತ್ತು, ರಿಂಗು ಸವೆದಿತ್ತು, ಟೈಮಿಂಗ್ ಚೈನ್ ಜೋಲಾಡ್ತಿತ್ತು. ಆ ಎಂಜಿನ್ನಿಗೆ 13 ಹಾರ್ಸ್‌ಪವರ್ ಎಲ್ಲಿಂದ ಬರಬೇಕು ಹೇಳಿ? ಬೋರ್ ಮಾಡಿಸಿ ಹೊಸ ಪಿಸ್ಟನ್ ಹಾಕಿಸಿ, ವಾಲ್ವ್ ಲ್ಯಾಪಿಂಗ್ (ವಾಲ್ವ್ ಸೋರದ ಹಾಗೆ ಉಜ್ಜಿ ಕೂರಿಸೋದು) ಮಾಡಿಸಿ, ಏರಿನಲ್ಲಿ ಎಳೆತ ಹೆಚ್ಚಲಿ ಅಂತ ಎರಡು ಹಲ್ಲು ಜಾಸ್ತಿ ಇರೋ ಹಿಂದಿನ ಸ್ಪ್ರಾಕೆಟ್ಟು ಹುಡುಕಿ ಹಾಕಿದೆವು. ಇಂಪಲ್ಸ್ ಎಂಜಿನ್ನು ಹೀರೋದ ಹಂಕ್, ಸಿಬಿಝೆಡ್ ಎಕ್ಸ್‌ಟ್ರೀಮ್ ಬೈಕುಗಳ ಎಂಜಿನ್ನಿನ ಬಳಗದ್ದೇ ಆದ್ದರಿಂದ ಎಂಜಿನ್ ಸಾಮಾನಿಗೆ ಪರದಾಟ ಇಲ್ಲ, ಇಂಪಲ್ಸ್‌ನ ಪ್ಲಾಸ್ಟಿಕ್ ಹುಡುಕೋದೇ ಕಷ್ಟ. ಈಗ ಅಕ್ಕನನ್ನ ಕೂರಿಸಿಕೊಂಡು ಕೊಟ್ಟಿಗೆಹಾರದವರೆಗೆ ಎರಡನೇ ಗೇರಿನಲ್ಲಿ ತಕರಾರಿಲ್ಲದೆ ಹತ್ತುತ್ತಾರೆ. ಹೈವೇಯಲ್ಲಿ ಎಂಬತ್ತರ ಮೇಲೆ ಗಾಡಿ ಸ್ವಲ್ಪ ಕಿರುಚುತ್ತೆ, ಅದು ನಿಜ. ಭಾವನಿಗೆ ಅದು ಬೇಕಾಗೂ ಇಲ್ಲ.

ನಿಮಗೆ ಹೈವೇ ಓಟವೇ ಮುಖ್ಯ ಅಂದ್ರೆ ಕರಿಜ್ಮಾ ಎಂಜಿನ್ ಹಾಕಿಸೋ ದುಡ್ಡಿಗೆ ಇನ್ನಷ್ಟು ಸೇರಿಸಿ ಹೀರೋದ್ದೇ ಎಕ್ಸ್‌ಪಲ್ಸ್ 200 ಬೈಕು ಸೆಕೆಂಡ್ ಹ್ಯಾಂಡ್ ನೋಡಿ, ಕಾಗದಪತ್ರ ಶುದ್ಧವಾಗಿರುತ್ತೆ. ಇಂಪಲ್ಸನ್ನೇ ಉಳಿಸಿಕೊಳ್ಳೋ ಆಸೆ ಇದ್ದರೆ (ಇರಲಿ, ಅಂಥ ಹಗುರ ಗಾಡಿ ಮತ್ತೆ ಬರಲಿಲ್ಲ) ಈ ವಾರ ಗೇಜ್ ಇರೋ ಮೆಕ್ಯಾನಿಕ್ ಹತ್ತಿರ ಕಂಪ್ರೆಷನ್ ಪರೀಕ್ಷೆ (ಸಿಲಿಂಡರ್ ಒಳಗೆ ಒತ್ತಡ ಎಷ್ಟು ನಿಲ್ಲುತ್ತೆ ಅಂತ ನೋಡೋದು) ಮಾಡಿಸಿ. ಎಂಜಿನ್ ಬಿಸಿ ಇರುವಾಗ, ಥ್ರಾಟಲ್ ಪೂರ್ತಿ ತೆರೆದು. ಸ್ಪಾರ್ಕ್ ಪ್ಲಗ್ ತೂತಿಗೆ ಒಂದು ಚಮಚ ಎಂಜಿನ್ ಆಯಿಲ್ ಬಿಟ್ಟು ಇನ್ನೊಮ್ಮೆ ನೋಡಿಸಿ. ಎರಡನೇ ಸಲ ಗೇಜಿನ ಮುಳ್ಳು ಚೆನ್ನಾಗಿ ಮೇಲೇರಿದರೆ ರಿಂಗು, ಬೋರು ಹೋಗಿದೆ ಅಂತ. ಏರದಿದ್ದರೆ ವಾಲ್ವ್ ನೋಡಿಸಬೇಕು. ಎರಡೂ ರೀಡಿಂಗ್ ಇಲ್ಲಿ ಬರೆದು ಹಾಕಿ, ಮುಂದೇನು ಬಿಚ್ಚಿಸಬೇಕು ಅಂತ ನೋಡೋಣ.