ಒಂಟಿ ಕಣ್ಣು, ತ್ರಿಕೋನ ಮತ್ತು ತಿರುಗಿಸಿ ಕೇಳಿದ ಹಾಡು

ಜನಪ್ರಿಯ ಸಂಗೀತ ಮತ್ತು ಸಿನಿಮಾಗಳ ಹಿಂದೆ ಗುಪ್ತಸಂಘಗಳ ಹಾಗೂ ಮಾಟಮಂತ್ರದ ಕೈವಾಡವಿದೆ ಎಂಬ ಮಾತಿನ ಬಗ್ಗೆ ಬಂದ ಪತ್ರಗಳಲ್ಲಿ ನಾಲ್ಕನ್ನು ಇಲ್ಲಿ ಆಯ್ದುಕೊಳ್ಳಲಾಗಿದೆ. ಉತ್ತರಿಸಿದವರು ವದಂತಿಗಳ ಇತಿಹಾಸವನ್ನು ಅಭ್ಯಾಸ ಮಾಡಿರುವ ಅಧ್ಯಾಪಕರು.

ಪ್ರಶ್ನೆ: ಹದಿನೇಳು ವರ್ಷದ ನನ್ನ ಮಗ ಕೆಲವು ತಿಂಗಳಿಂದ ಪಾಪ್ ಗಾಯಕರ ವಿಡಿಯೊಗಳನ್ನು ನಿಲ್ಲಿಸಿ ನಿಲ್ಲಿಸಿ ನನಗೆ ತೋರಿಸುತ್ತಿದ್ದಾನೆ. ಒಬ್ಬರು ಒಂದು ಕಣ್ಣನ್ನು ಕೈಯಿಂದ ಮುಚ್ಚಿಕೊಂಡಿರುತ್ತಾರೆ, ಇನ್ನೊಬ್ಬರು ಬೆರಳುಗಳಿಂದ ತ್ರಿಕೋನ ಮಾಡಿರುತ್ತಾರೆ. ಇವರೆಲ್ಲ ‘ಇಲ್ಯುಮಿನಾಟಿ’ ಎಂಬ ಸಂಘಕ್ಕೆ ಆತ್ಮವನ್ನು ಮಾರಿಕೊಂಡವರು ಎಂಬುದು ಅವನ ವಾದ. ಮೊದಲು ನಕ್ಕು ಸುಮ್ಮನಾಗುತ್ತಿದ್ದೆ. ಅಂಥದೊಂದು ಸಂಘ ನಿಜಕ್ಕೂ ಇತ್ತೆಂದು ಓದಿದ ಮೇಲೆ ನಗು ಬರುತ್ತಿಲ್ಲ. ಬೆಂಕಿಯಿಲ್ಲದೆ ಹೊಗೆಯಾಡುತ್ತದೆಯೇ?

ಉತ್ತರ: ಬೆಂಕಿ ಇದ್ದದ್ದು ನಿಜ. ಆದರೆ ಅದು ಆರಿಹೋಗಿ ಸುಮಾರು ಇನ್ನೂರ ನಲವತ್ತು ವರ್ಷಗಳಾದವು, ಮತ್ತು ಈಗ ಕಾಣುತ್ತಿರುವ ಹೊಗೆ ಬೇರೆ ಬೇರೆ ಕಾಲದಲ್ಲಿ ಬೇರೆ ಬೇರೆ ಜನ ಹಾಕಿದ ಧೂಪದ್ದು.

ಇಂದಿನ ಜರ್ಮನಿಗೆ ಸೇರಿದ ಬವೇರಿಯಾದ ಇಂಗೋಲ್‌ಸ್ಟಾಟ್ ವಿಶ್ವವಿದ್ಯಾಲಯದಲ್ಲಿ ಚರ್ಚಿನ ಕಾನೂನನ್ನು ಬೋಧಿಸುತ್ತಿದ್ದ ಆಡಂ ವೈಸ್‌ಹೌಪ್ಟ್ ಎಂಬ ಪ್ರಾಧ್ಯಾಪಕ 1776ರ ಮೇ 1ರಂದು ಬೆರಳೆಣಿಕೆಯ ಸಂಗಡಿಗರೊಂದಿಗೆ ಈ ಸಂಘವನ್ನು ಕಟ್ಟಿದ. ಶಿಕ್ಷಣ ಮತ್ತು ಆಡಳಿತದ ಮೇಲೆ ಪಾದ್ರಿಗಳಿಗಿದ್ದ ಹಿಡಿತವನ್ನು ಸಡಿಲಿಸಿ ವೈಚಾರಿಕತೆಯನ್ನು ಬೆಳೆಸಬೇಕೆಂಬುದು ಅವರ ಗುರಿಯಾಗಿತ್ತು. ಸೈತಾನನ ಪೂಜೆಗೂ ಅವರಿಗೂ ಸಂಬಂಧವಿರಲಿಲ್ಲ. ಗುಪ್ತನಾಮ, ಹಂತಹಂತದ ದೀಕ್ಷೆ ಎಲ್ಲವೂ ಇದ್ದವು, ವೈಸ್‌ಹೌಪ್ಟ್ ಪ್ರಾಚೀನ ರೋಮಿನ ಗುಲಾಮರ ದಂಗೆಯ ನಾಯಕನ ಹೆಸರು ಹಿಡಿದು ತನ್ನನ್ನು ‘ಸ್ಪಾರ್ಟಕಸ್’ ಎಂದು ಕರೆದುಕೊಳ್ಳುತ್ತಿದ್ದ. (ಪ್ರಾಧ್ಯಾಪಕರಿಗೆ ನಾಟಕದ ಹುಚ್ಚು ಹಿಡಿದರೆ ಹೀಗೆಯೇ ಆಗುವುದು.) ಬವೇರಿಯಾದ ದೊರೆ ಕಾರ್ಲ್ ಥಿಯೋಡೋರ್ 1784ರಲ್ಲಿ ಅನುಮತಿಯಿಲ್ಲದ ಎಲ್ಲ ಸಂಘಗಳನ್ನೂ, 1785ರಲ್ಲಿ ಹೆಸರು ಹಿಡಿದು ಇದನ್ನೂ ನಿಷೇಧಿಸಿದ. ವಶಪಡಿಸಿಕೊಂಡ ಕಾಗದಪತ್ರಗಳನ್ನು 1787ರಲ್ಲಿ ಸರ್ಕಾರವೇ ಅಚ್ಚುಹಾಕಿಸಿತು. ಅಂದರೆ ಜಗತ್ತಿನ ಅತಿ ನಿಗೂಢ ಸಂಘವೆಂದು ಇಂದು ಹೆಸರಾದ ಇದರ ಗುಟ್ಟುಗಳು, ಅದು ಹುಟ್ಟಿ ಹನ್ನೊಂದೇ ವರ್ಷಗಳಲ್ಲಿ, ಬೇಕಾದವರು ಓದಬಹುದಾದ ಪುಸ್ತಕವಾಗಿದ್ದವು.

ಸತ್ತ ಸಂಘಕ್ಕೆ ಜೀವ ಕೊಟ್ಟವರು ಅದರ ವಿರೋಧಿಗಳು. 1797ರಲ್ಲಿ ಫ್ರಾನ್ಸಿನ ಜೆಸ್ಯುಯಿಟ್ ಪಾದ್ರಿ ಆಗಸ್ಟಿನ್ ಬರ್ಯುಯೆಲ್ ಮತ್ತು ಎಡಿನ್‌ಬರೋದ ಭೌತವಿಜ್ಞಾನಿ ಜಾನ್ ರಾಬಿಸನ್ ಫ್ರೆಂಚ್ ಕ್ರಾಂತಿಯ ಹಿಂದೆ ಇವರದೇ ಸಂಚಿತ್ತೆಂದು ಬರೆದರು. ಅರಸೊತ್ತಿಗೆಯೊಂದು ಬಿದ್ದುಹೋದದ್ದಕ್ಕೆ ರೊಟ್ಟಿಯ ಅಭಾವ, ಸಾಲ, ತೆರಿಗೆಗಳಂಥ ಸಪ್ಪೆ ಕಾರಣಗಳಿಗಿಂತ ಗುಪ್ತ ಕೈಯೊಂದು ಕಾರಣವೆನ್ನುವುದು ಅನೇಕರಿಗೆ ರುಚಿಸಿತು. 1885ರ ಹೊತ್ತಿಗೆ ಲಿಯೋ ಟಾಕ್ಸಿಲ್ ಎಂಬ ಫ್ರೆಂಚ್ ಲೇಖಕ ಇನ್ನೊಂದು ಕಂತು ಸೇರಿಸಿದ. ಫ್ರೀಮೇಸನ್ನರು ಎಂಬ ಗುಪ್ತ ಸೋದರಸಂಘದವರು ಲೂಸಿಫರನನ್ನು, ಅಂದರೆ ಸೈತಾನನನ್ನು, ಪೂಜಿಸುತ್ತಾರೆಂದು ಹನ್ನೆರಡು ವರ್ಷ ಪುಸ್ತಕದ ಮೇಲೆ ಪುಸ್ತಕ ಬರೆದು, 1897ರ ಏಪ್ರಿಲ್ 19ರಂದು ಪ್ಯಾರಿಸ್ಸಿನ ಭೂಗೋಳ ಸಂಘದ ಸಭಾಂಗಣದಲ್ಲಿ ಜನರನ್ನು ಸೇರಿಸಿ, ಎಲ್ಲವೂ ತಾನು ಕಟ್ಟಿದ ಕಥೆ ಎಂದು ತಾನೇ ಸಾರಿದ. ಎತ್ತು ಈದಿಲ್ಲವೆಂದು ಎತ್ತಿನ ಒಡೆಯನೇ ಹೇಳಿದರೂ ಕರುವನ್ನು ಕೊಟ್ಟಿಗೆಯಲ್ಲಿ ಕಟ್ಟಿದವರು ಬಿಚ್ಚಲಿಲ್ಲ. ಅವನು ಹೆಣೆದ ಸಂಗತಿಗಳು ಇಂದಿಗೂ ಪುರಾವೆಯೆಂದು ಉಲ್ಲೇಖವಾಗುತ್ತಿವೆ. 1970ರ ದಶಕದಲ್ಲಿ ಇಬ್ಬರು ಅಮೆರಿಕನ್ ಲೇಖಕರು ಇದನ್ನೆಲ್ಲ ಅಣಕಿಸಿ ಬರೆದ ಕಾದಂಬರಿಗಳಿಂದ ‘ಇಲ್ಯುಮಿನಾಟಿ’ ಎಂಬ ಪದ ಮತ್ತೆ ಜನರ ಬಾಯಿಗೆ ಬಂತು, 1982ರಲ್ಲಿ ಅದೇ ಹೆಸರಿನ ಕಾರ್ಡ್ ಆಟ ಬಂತು, ತೊಂಬತ್ತರ ದಶಕದಲ್ಲಿ ರ‍್ಯಾಪ್ ಹಾಡುಗಳ ಸಾಲುಗಳಲ್ಲಿ ಸೇರಿತು. ನಿಮ್ಮ ಮಗನ ಕೈಗೆ ಬಂದಿರುವುದು ಈ ಅಣಕದ ಅಣಕ.

ಇನ್ನು ಚಿಹ್ನೆಗಳು. ತ್ರಿಕೋನದೊಳಗಿನ ಕಣ್ಣು ಯುರೋಪಿನ ಕ್ರೈಸ್ತ ಚಿತ್ರಕಲೆಯಲ್ಲಿ ಎಲ್ಲವನ್ನೂ ಕಾಣುವ ದೇವರಿಗೂ ತಂದೆ, ಮಗ, ಪವಿತ್ರಾತ್ಮ ಎಂಬ ತ್ರಿತ್ವಕ್ಕೂ ಸಂಕೇತವಾಗಿ ಬಹುಕಾಲದಿಂದ ಬಳಕೆಯಲ್ಲಿದೆ. ಅಮೆರಿಕದ ರಾಜಮುದ್ರೆಯಲ್ಲಿ ಅದು 1782ರಲ್ಲಿ ಬಂತು, ಒಂದು ಡಾಲರ್ ನೋಟಿನ ಮೇಲೆ ಬಂದದ್ದು 1935ರಲ್ಲಿ. ವೈಸ್‌ಹೌಪ್ಟನ ಸಂಘ ಆರಿಸಿಕೊಂಡಿದ್ದ ಲಾಂಛನವಾದರೋ ರೋಮನ್ನರ ಜ್ಞಾನದೇವತೆ ಮಿನರ್ವಾಳ ಗೂಬೆ. ಗೂಬೆಯನ್ನು ಹುಡುಕುವವರು ಅಷ್ಟಾಗಿ ಇಲ್ಲ, ಏಕೆಂದರೆ ನೃತ್ಯದ ವಿಡಿಯೊದಲ್ಲಿ ಗೂಬೆ ಸಿಗುವುದು ಕಷ್ಟ.

ಒಂದು ಸಣ್ಣ ಲೆಕ್ಕವನ್ನು ಮಗನ ಮುಂದಿಡಿ. ಸೆಕೆಂಡಿಗೆ 24 ಚೌಕಟ್ಟುಗಳಂತೆ ಚಿತ್ರಿಸಿದ ನಾಲ್ಕು ನಿಮಿಷದ ಒಂದು ಹಾಡಿನಲ್ಲಿ 5,760 ಚಿತ್ರಗಳಿರುತ್ತವೆ. ಕೈಗಳನ್ನು ಬೀಸುತ್ತಾ ಕುಣಿಯುವ ವ್ಯಕ್ತಿಯ ಅಷ್ಟೊಂದು ಚಿತ್ರಗಳಲ್ಲಿ ಕೈ ಕಣ್ಣಿಗೆ ಅಡ್ಡ ಬಂದ ಒಂದು ಚಿತ್ರವೂ ಸಿಗದಿದ್ದರೆ ಅದು ಆಶ್ಚರ್ಯ. ವಿಡಿಯೊ ಮಾಡಿದವರು ಆ ಒಂದನ್ನು ನಿಲ್ಲಿಸಿ, ಕೆಂಪು ವೃತ್ತ ಹಾಕಿ ತೋರಿಸುತ್ತಾರೆ. ಉಳಿದ ಐದು ಸಾವಿರದ ಏಳುನೂರ ಚಿಲ್ಲರೆ ಚಿತ್ರಗಳ ಬಗ್ಗೆ ಮೌನ. ಕೆಲವು ಕಲಾವಿದರು ಬೇಕೆಂದೇ ಕಣ್ಣು ಮುಚ್ಚಿಕೊಂಡು ಛಾಯಾಚಿತ್ರಕ್ಕೆ ನಿಲ್ಲುವುದೂ ಉಂಟು. ಮುಖದ ಅರ್ಧವನ್ನು ಮರೆಮಾಡಿದರೆ ಉಳಿದರ್ಧಕ್ಕೆ ನೋಟ ನೆಡುತ್ತದೆಂಬುದು ಛಾಯಾಗ್ರಾಹಕರ ಹಳೆಯ ಉಪಾಯ, ಜೊತೆಗೆ ಈ ವದಂತಿಯಿಂದಾಗಿ ಆ ಚಿತ್ರ ಉಚಿತವಾಗಿ ಹಂಚಿಹೋಗುತ್ತದೆಂಬುದು ಪ್ರಚಾರ ನೋಡಿಕೊಳ್ಳುವವರಿಗೆ ತಿಳಿಯದ ವಿಷಯವೇನಲ್ಲ.

ಗುಟ್ಟಾಗಿರಬೇಕಾದ ಸಂಘ ತನ್ನ ಗುರುತನ್ನು ಕೋಟ್ಯಂತರ ಜನ ನೋಡುವ ಹಾಡಿನಲ್ಲಿ ಏಕೆ ತೋರಿಸುತ್ತದೆ ಎಂದು ಕೇಳಿದರೆ ಸಿದ್ಧ ಉತ್ತರವೊಂದಿದೆ: ಮುಂಚಿತವಾಗಿ ಸೂಚನೆ ಕೊಡಲೇಬೇಕೆಂಬುದು ಅವರ ನಿಯಮವಂತೆ. ಆಗ ಚಿಹ್ನೆ ಕಂಡರೆ ಅದು ಸೂಚನೆ, ಕಾಣದಿದ್ದರೆ ಅದು ಮರೆಮಾಚುವಿಕೆ. ಎರಡು ಕಡೆಯಿಂದಲೂ ಗೆಲ್ಲುವ ಇಂಥ ವಾದಕ್ಕೆ ಸೋಲುವ ದಾರಿಯೇ ಇಲ್ಲದಿರುವುದರಿಂದ ಅದು ಗೆದ್ದದ್ದಕ್ಕೆ ಬೆಲೆಯೂ ಇಲ್ಲ.

ಪ್ರಶ್ನೆ: ಹಳೆಯ ರಾಕ್ ಹಾಡೊಂದನ್ನು ಹಿಂದುಮುಂದಾಗಿ ನುಡಿಸಿದ ಧ್ವನಿಮುದ್ರಿಕೆಯನ್ನು ಕೇಳಿದೆ. ಸೈತಾನನನ್ನು ಹೊಗಳುವ ಮಾತು ಸ್ಪಷ್ಟವಾಗಿತ್ತು. ಇದು ಯಾರೋ ಹೇಳಿದ್ದಲ್ಲ, ನನ್ನ ಕಿವಿಯಾರೆ ಕೇಳಿದ್ದು. ಇದನ್ನು ಭ್ರಮೆ ಎನ್ನುತ್ತೀರಾ?

ಉತ್ತರ: ತಾವು ಕೇಳಿದ್ದು ಸುಳ್ಳೆಂದು ಹೇಳಲಾರೆ. ಒಂದು ಪ್ರಶ್ನೆ ಮಾತ್ರ: ಮಾತು ಕಿವಿಗೆ ಬಿದ್ದದ್ದು ಮೊದಲೋ, ಪರದೆಯ ಮೇಲೆ ಅದರ ಬರಹ ಕಂಡದ್ದು ಮೊದಲೋ?

ಕೆನಡಾದ ಲೆತ್‌ಬ್ರಿಜ್ ವಿಶ್ವವಿದ್ಯಾಲಯದ ಮನಶ್ಶಾಸ್ತ್ರಜ್ಞರಾದ ಜಾನ್ ವೋಕಿ ಮತ್ತು ಡಾನ್ ರೀಡ್ 1985ರಲ್ಲಿ ಪ್ರಕಟಿಸಿದ ಪ್ರಯೋಗಗಳು ಇಲ್ಲಿ ನೇರವಾಗಿ ಉಪಯುಕ್ತ. ತಿರುಗಿಸಿದ ಮಾತುಗಳನ್ನು ಕೇಳಿಸಿಕೊಂಡವರು ಮಾತಾಡಿದ್ದು ಗಂಡೋ ಹೆಣ್ಣೋ ಎಂಬುದನ್ನು ಸುಲಭವಾಗಿ ಗುರುತಿಸಿದರು. ಆದರೆ ಅದು ಶಿಶುಗೀತೆಯೋ, ಧಾರ್ಮಿಕ ವಾಕ್ಯವೋ, ಸೈತಾನನ ಕುರಿತದ್ದೋ, ಜಾಹೀರಾತೋ ಎಂದು ವಿಂಗಡಿಸಲು ಹೇಳಿದಾಗ ಅವರ ಉತ್ತರಗಳು ಕಣ್ಣುಮುಚ್ಚಿ ಊಹಿಸಿದ್ದಕ್ಕಿಂತ ಉತ್ತಮವಾಗಿರಲಿಲ್ಲ. ಇಂಥ ಸಾಲು ಇದರಲ್ಲಿದೆ, ಹುಡುಕಿ ಎಂದು ಮೊದಲೇ ಹೇಳಿಕೊಟ್ಟಾಗ ಮಾತ್ರ ಬಹಳ ಮಂದಿಗೆ ಅದು ಕೇಳಿಸಿತು. ಮಾತನ್ನು ಅರಿಯುವಾಗ ಕಿವಿ ತಂದುಕೊಟ್ಟ ಅರೆಬರೆ ಸದ್ದನ್ನು ಮನಸ್ಸು ತನ್ನ ನಿರೀಕ್ಷೆಯಿಂದ ತುಂಬಿಕೊಳ್ಳುತ್ತದೆ. ಗದ್ದಲದ ನಡುವೆ ಫೋನಿನಲ್ಲಿ ಮಾತಾಡಲು ನಮಗೆ ಸಾಧ್ಯವಾಗುವುದು ಈ ಶಕ್ತಿಯಿಂದಲೇ. ತಿರುಗಿಸಿದ ಹಾಡಿನ ಮುಂದೆ ಅದೇ ಶಕ್ತಿ ತನ್ನ ಕೆಲಸವನ್ನು ಅತ್ಯುತ್ಸಾಹದಿಂದ ಮಾಡಿದೆ, ಅಷ್ಟೆ.

ನ್ಯಾಯಾಲಯವೂ ಇದನ್ನು ಪರಿಶೀಲಿಸಿದೆ. ಇಬ್ಬರು ಯುವಕರ ದುರಂತಕ್ಕೆ ಜೂಡಾಸ್ ಪ್ರೀಸ್ಟ್ ತಂಡದ ಹಾಡಿನಲ್ಲಿ ಹುದುಗಿದ್ದ ‘ಮಾಡು’ ಎಂಬ ಆಜ್ಞೆಯೇ ಕಾರಣವೆಂದು ಹೂಡಿದ ದಾವೆಯ ವಿಚಾರಣೆ 1990ರಲ್ಲಿ ಅಮೆರಿಕದ ನೆವಾಡಾ ರಾಜ್ಯದ ರೀನೊದಲ್ಲಿ ನಡೆಯಿತು. ಗಾಯಕ ಉಸಿರು ಬಿಟ್ಟ ಸದ್ದು ಮತ್ತು ಗಿಟಾರಿನ ನಾದ ಆಕಸ್ಮಿಕವಾಗಿ ಕೂಡಿ ಆ ಪದದಂತೆ ಕೇಳಿಸಿದೆ, ಉದ್ದೇಶಪೂರ್ವಕವಾಗಿ ಸೇರಿಸಿದ್ದೆಂಬುದು ಸಾಬೀತಾಗಿಲ್ಲ ಎಂದು ನ್ಯಾಯಾಧೀಶರು ತೀರ್ಪಿತ್ತರು. ಅದೇ ಆಲ್ಬಮ್ಮನ್ನು ತಿರುಗಿಸಿ ಕೇಳಿದ ಗಾಯಕನಿಗೆ ‘ಅಮ್ಮಾ, ನನ್ನ ಕುರ್ಚಿ ಮುರಿದಿದೆ’ ಎಂಬರ್ಥದ ಸಾಲೊಂದು ಸಿಕ್ಕಿತ್ತು, ಅದನ್ನು ಅವನು ನ್ಯಾಯಾಲಯದಲ್ಲಿಯೇ ಕೇಳಿಸಿದ.

ಬೇಕೆಂದೇ ತಿರುಗಿಸಿ ಸೇರಿಸಿದ ಮಾತುಗಳೂ ಇವೆ ಎಂಬುದನ್ನು ಮುಚ್ಚಿಡಬೇಕಾಗಿಲ್ಲ. ಪಿಂಕ್ ಫ್ಲಾಯ್ಡ್ ತಂಡದ 1979ರ ಆಲ್ಬಮ್ಮಿನ ಒಂದು ಹಾಡನ್ನು ತಿರುಗಿಸಿದರೆ, ಗುಪ್ತ ಸಂದೇಶವನ್ನು ನೀವು ಪತ್ತೆಹಚ್ಚಿದ್ದೀರಿ, ಅಭಿನಂದನೆಗಳು ಎಂಬ ಮಾತು ಕೇಳುತ್ತದೆ. ನಿಜವಾದ ಸಂದೇಶಕ್ಕೂ ಕಲ್ಪಿತ ಸಂದೇಶಕ್ಕೂ ಇರುವ ವ್ಯತ್ಯಾಸ ಇಲ್ಲಿ ತಿಳಿಯುತ್ತದೆ: ಅದನ್ನು ಕೇಳಲು ಯಾರೂ ಮೊದಲು ಹೇಳಿಕೊಡಬೇಕಾಗಿಲ್ಲ.

ಅರಿವಿಗೆ ಬಾರದಂತೆ ಮನಸ್ಸನ್ನು ಆಳಬಹುದೆಂಬ ನಂಬಿಕೆಯ ಮೂಲದ ಬಗ್ಗೆಯೂ ಒಂದು ಮಾತು. 1957ರಲ್ಲಿ ಜೇಮ್ಸ್ ವಿಕರಿ ಎಂಬ ಮಾರುಕಟ್ಟೆ ಸಂಶೋಧಕ ಸಿನಿಮಾ ಪರದೆಯ ಮೇಲೆ ಕಣ್ಣಿಗೆ ಕಾಣದಷ್ಟು ವೇಗದಲ್ಲಿ ಸಂದೇಶ ಮಿನುಗಿಸಿ ಪಾಪ್‌ಕಾರ್ನ್ ಮಾರಾಟವನ್ನು 57.5 ಪ್ರತಿಶತ ಹೆಚ್ಚಿಸಿದೆನೆಂದು ಹೇಳಿಕೊಂಡ. ಅದು ವ್ಯಾಪಾರದ ಗಿಮಿಕ್ ಆಗಿತ್ತೆಂದು 1962ರಲ್ಲಿ ಅವನೇ ಒಪ್ಪಿದ. ದಶಾಂಶದವರೆಗೆ ನಿಖರವಾದ ಅಂಕಿಗೆ ಜನ ಹೇಗೆ ಮರುಳಾಗುತ್ತಾರೆಂಬುದಕ್ಕೆ ಇದನ್ನು ನಾನು ಇಂದಿಗೂ ತರಗತಿಯಲ್ಲಿ ಹೇಳುತ್ತೇನೆ.

ಪ್ರಶ್ನೆ: ಕೆಲವು ಕಲಾವಿದರು ತಮಗೆ ನಿಗೂಢವಿದ್ಯೆಯಲ್ಲಿ ಆಸಕ್ತಿಯಿದೆಯೆಂದು ಬಹಿರಂಗವಾಗಿಯೇ ಹೇಳಿದ್ದಾರೆ. ವೇದಿಕೆಯ ಮೇಲೆ ಕೊಂಬು, ಬೆಂಕಿ, ತಲೆಕೆಳಗಾದ ಶಿಲುಬೆ ಎಲ್ಲವೂ ಇರುತ್ತವೆ. ಅವರೇ ಒಪ್ಪಿಕೊಂಡ ಮೇಲೆ ಇದನ್ನು ವದಂತಿ ಎನ್ನುವುದು ಹೇಗೆ?

ಉತ್ತರ: ಈ ಆಕ್ಷೇಪಣೆಯಲ್ಲಿ ಹುರುಳಿದೆ. ಕವಿ ಯೇಟ್ಸ್ 1890ರಲ್ಲಿ ‘ಗೋಲ್ಡನ್ ಡಾನ್’ ಎಂಬ ಮಾಂತ್ರಿಕ ಸಂಘವನ್ನು ಸೇರಿದ್ದರು, ಚಿತ್ರಕಾರ ಮಾಂಡ್ರಿಯನ್ 1909ರಲ್ಲಿ ನಿಗೂಢ ಅಧ್ಯಾತ್ಮವನ್ನು ಅಭ್ಯಾಸ ಮಾಡುವ ಥಿಯೋಸಾಫಿಕಲ್ ಸೊಸೈಟಿಯ ಸದಸ್ಯರಾದರು. ಇಂಗ್ಲೆಂಡಿನ ಮಾಂತ್ರಿಕ ಅಲೀಸ್ಟರ್ ಕ್ರೌಲಿಯ ಮುಖವನ್ನು ಬೀಟಲ್ಸ್ 1967ರಲ್ಲಿ ತಮ್ಮ ಆಲ್ಬಮ್ಮಿನ ಹೊದಿಕೆಯಲ್ಲಿ ಹಾಕಿದರು. ಲೆಡ್ ಜೆಪ್ಲಿನ್ ತಂಡದ ಜಿಮ್ಮಿ ಪೇಜ್ ಕ್ರೌಲಿ ವಾಸವಿದ್ದ ಮನೆಯನ್ನೇ ಕೊಂಡರು. ಆದರೆ ಇವೆಲ್ಲ ನಮಗೆ ತಿಳಿದಿರುವುದು ಅವರು ಬಚ್ಚಿಡಲಿಲ್ಲವಾದ್ದರಿಂದ. ಒಬ್ಬ ವ್ಯಕ್ತಿಯ ಬಹಿರಂಗ ಆಸಕ್ತಿಯಿಂದ ಇಡೀ ಉದ್ಯಮವನ್ನು ಆಳುವ ಗುಪ್ತ ಆಜ್ಞೆಯೊಂದಕ್ಕೆ ಹಾರುವಾಗ ನಡುವೆ ದೊಡ್ಡ ಕಂದಕವಿದೆ. ಅದರ ಮೇಲೆ ಸೇತುವೆ ಕಟ್ಟಿದವರನ್ನು ನಾನು ಕಂಡಿಲ್ಲ. ಕೊಂಬು ಬೆಂಕಿಗಳ ವಿಷಯಕ್ಕೆ ಬಂದರೆ, ಬ್ಲ್ಯಾಕ್ ಸಬತ್ ತಂಡದವರಿಗೆ ಆ ಹೆಸರು ಹೊಳೆದದ್ದು ಒಂದು ಭಯಾನಕ ಸಿನಿಮಾದಿಂದ, ಮತ್ತು ಜನ ದುಡ್ಡು ಕೊಟ್ಟು ಹೆದರಲು ಬರುತ್ತಾರಲ್ಲ ಎಂಬ ಸರಳ ಆಶ್ಚರ್ಯದಿಂದ.

ನನಗೆ ಇದಕ್ಕಿಂತ ಹೆಚ್ಚು ಕಳವಳ ತರುವುದು ಬೇರೆ. 2021ರ ನವೆಂಬರ್ 5ರಂದು ಹ್ಯೂಸ್ಟನ್ನಿನಲ್ಲಿ ನಡೆದ ಆಸ್ಟ್ರೋವರ್ಲ್ಡ್ ಸಂಗೀತೋತ್ಸವದ ನೂಕುನುಗ್ಗಲಿಗೆ ಸಿಕ್ಕು ಹತ್ತು ಮಂದಿ ಸತ್ತರು, ಅವರಲ್ಲಿ ಒಂಬತ್ತು ವರ್ಷದ ಬಾಲಕನೂ ಇದ್ದ. ಕೆಲವೇ ದಿನಗಳಲ್ಲಿ, ಇದು ಸೈತಾನನಿಗೆ ಕೊಟ್ಟ ಬಲಿ, ವೇದಿಕೆಯ ಆಕಾರವೇ ಅದಕ್ಕೆ ಸಾಕ್ಷಿ ಎಂಬ ವಿಡಿಯೊಗಳು ಹರಿದಾಡಿದವು. ವೈದ್ಯಕೀಯ ಪರೀಕ್ಷೆ ಕಂಡುಕೊಂಡ ಕಾರಣ ದೇಹಗಳು ಒತ್ತಿಹೋಗಿ ಉಂಟಾದ ಉಸಿರುಕಟ್ಟುವಿಕೆ. ಕೇಳಬೇಕಾಗಿದ್ದ ಪ್ರಶ್ನೆಗಳು ಒಣ ಪ್ರಶ್ನೆಗಳು: ಒಂದು ಆವರಣಕ್ಕೆ ಎಷ್ಟು ಜನರನ್ನು ಬಿಟ್ಟರು, ತಡೆಗಟ್ಟೆಗಳು ಹೇಗಿದ್ದವು, ಕಾರ್ಯಕ್ರಮವನ್ನು ನಿಲ್ಲಿಸುವ ಅಧಿಕಾರ ಯಾರಿಗಿತ್ತು, ಅವರು ಏಕೆ ಬೇಗ ನಿಲ್ಲಿಸಲಿಲ್ಲ. ವೇದಿಕೆಯ ಆಕಾರವನ್ನು ದಿಟ್ಟಿಸುತ್ತಾ ಕುಳಿತವರು ಈ ಯಾವುದನ್ನೂ ಕೇಳಲಿಲ್ಲ. ಹುತ್ತ ಬಡಿದರೆ ಹಾವು ಸಾಯುವುದಿಲ್ಲ ಎಂಬ ಗಾದೆ ನನಗೆ ಇಲ್ಲಿ ನೆನಪಾಗುತ್ತದೆ. ಮನರಂಜನಾ ಉದ್ಯಮದಲ್ಲಿ ಹಾವುಗಳಿಲ್ಲವೆಂದಲ್ಲ: ಕಲಾವಿದರ ಹಾಡುಗಳ ಹಕ್ಕನ್ನೇ ಕಸಿಯುವ ಕರಾರುಗಳಿವೆ, 2020ರಲ್ಲಿ ನ್ಯೂಯಾರ್ಕಿನ ನ್ಯಾಯಾಲಯದಲ್ಲಿ ಲೈಂಗಿಕ ಅಪರಾಧಗಳಿಗಾಗಿ ತಪ್ಪಿತಸ್ಥನಾಗಿ, 2024ರಲ್ಲಿ ಆ ತೀರ್ಪು ರದ್ದಾಗಿ, 2025ರ ಮರುವಿಚಾರಣೆಯಲ್ಲಿ ಒಂದು ಆರೋಪದಲ್ಲಿ ಮತ್ತೆ ತಪ್ಪಿತಸ್ಥನಾದ ಹಾರ್ವಿ ವೈನ್‌ಸ್ಟೀನನಂಥ ನಿರ್ಮಾಪಕರಿದ್ದರು. ಅವನ ಕೃತ್ಯಗಳು ಹೊರಬಂದದ್ದು ಯಾರೋ ಚಿಹ್ನೆಯ ಅರ್ಥವನ್ನು ಬಿಡಿಸಿದ್ದರಿಂದಲ್ಲ. ಮಹಿಳೆಯರು ಮಾತಾಡಿದ್ದರಿಂದ, ಪತ್ರಕರ್ತರು ಗುಟ್ಟಿನ ಒಪ್ಪಂದಗಳ ಕಾಗದಗಳನ್ನು ಹುಡುಕಿ ತೆಗೆದದ್ದರಿಂದ.

ಪ್ರಶ್ನೆ: ನನ್ನ ಅಕ್ಕ ಇಂಥ ವಿಡಿಯೊಗಳನ್ನು ಪೂರ್ತಿ ನಂಬಿದ್ದಾಳೆ. ಅಲ್ಲಗಳೆದರೆ, ನಿನ್ನ ಕಣ್ಣಿಗೂ ಪಟ್ಟಿ ಕಟ್ಟಿದ್ದಾರೆ ಎನ್ನುತ್ತಾಳೆ. ಮಾತು ಬಿಡುವ ಹಂತಕ್ಕೆ ಬಂದಿದ್ದೇವೆ. ಏನು ಮಾಡಲಿ?

ಉತ್ತರ: ಅಲ್ಲಗಳೆಯುವುದನ್ನು ಸದ್ಯಕ್ಕೆ ನಿಲ್ಲಿಸಿ. ಅಕ್ಕನವರ ಜೊತೆ ಕುಳಿತು ಅವರಿಗೆ ಗೊತ್ತಿಲ್ಲದ ಒಂದು ಹಾಡನ್ನು ತಿರುಗಿಸಿ ಹಾಕಿ, ಪರದೆಯನ್ನು ಮಗುಚಿಡಿ, ಇಬ್ಬರೂ ಕೇಳಿಸಿದ್ದನ್ನು ಬೇರೆ ಬೇರೆ ಚೀಟಿಯಲ್ಲಿ ಬರೆಯಿರಿ, ಆಮೇಲೆ ಚೀಟಿಗಳನ್ನು ಹೋಲಿಸಿ. ಫಲಿತಾಂಶದ ಬಗ್ಗೆ ತಾವಾಗಿ ಏನನ್ನೂ ಹೇಳಬೇಡಿ, ಗೆದ್ದವರ ನಗೆಯಂತೂ ಬೇಡವೇ ಬೇಡ. ಒಂದು ವೇಳೆ ಇಬ್ಬರ ಚೀಟಿಯಲ್ಲೂ ಒಂದೇ ಮಾತಿದ್ದರೆ ದಯವಿಟ್ಟು ಆ ಹಾಡಿನ ಹೆಸರನ್ನು ನನಗೆ ಬರೆದು ಕಳಿಸಿ.