ಕ್ಯಾಬಿನ್ ಒಳಗೆ ಹೊಗೆ

ಪ್ರಶ್ನೆ: ನಮ್ಮ ಹಳೇ ಲಾರಿ ಲೋಡ್ ಹಾಕಿಕೊಂಡು ಘಾಟಿ ಹತ್ತುವಾಗ ಕ್ಯಾಬಿನ್ ಒಳಗೆ ಹೊಗೆ ವಾಸನೆ, ಜೊತೆಗೆ ತಲೆನೋವು. ಸೈಲೆನ್ಸರ್ ಬದಲಾಯಿಸಿದರೂ ಹೋಗಿಲ್ಲ. ಏನು ಮಾಡಲಿ?

ಉತ್ತರ: ತಲೆನೋವು ಬರುತ್ತಿದೆ ಅಂದರೆ ಮೊದಲು ಗಾಡಿ ನಿಲ್ಲಿಸಿ. ಹೊಗೆಯಲ್ಲಿರುವ ವಿಷಾನಿಲ ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆಯೇ ಇಲ್ಲ, ಕಿಟಕಿ ತೆಗೆದರೆ ಸಾಕು ಅನ್ನೋದು ನಂಬುವ ಮಾತಲ್ಲ. ಲೋಡ್ ಬಿದ್ದಾಗಲೇ ಜಾಸ್ತಿ ಅಂದರೆ ನನ್ನ ಅನುಮಾನ ಸೈಲೆನ್ಸರ್‌ಗಿಂತ ಮುಂಚಿನ ಜಾಗದ ಮೇಲೆ. ಇಂಜಿನ್ ತಣ್ಣಗಿರುವಾಗ ಮ್ಯಾನಿಫೋಲ್ಡ್ (ಇಂಜಿನ್ ಹೊಗೆಯನ್ನು ಸೈಲೆನ್ಸರ್ ಪೈಪಿಗೆ ಒಯ್ಯುವ ಭಾಗ) ಇಂಜಿನ್ನಿಗೆ ಕೂಡುವ ಕಡೆ ಟಾರ್ಚ್ ಬಿಡಿ. ಬೋಲ್ಟ್ ಪಕ್ಕ ಮಸಿಯ ಗೆರೆ ಎಳೆದಂತೆ ಕಂಡರೆ ಅಲ್ಲಿ ಗ್ಯಾಸ್ಕೆಟ್ (ಜೋಡಣೆ ಮಧ್ಯೆ ಸೋರದಂತೆ ಕೂರಿಸುವ ಪಟ್ಟಿ) ಸೋರುತ್ತಿದೆ. ಇನ್ನು ಹೊಗೆ ಒಳಗೆ ಬರಲು ದಾರಿಯೂ ಬೇಕಲ್ವಾ? ರಾತ್ರಿ ಇಂಜಿನ್ ಆಫ್ ಮಾಡಿ, ಕೆಳಗಿಂದ ಒಬ್ಬರು ಟಾರ್ಚ್ ಹಿಡಿಯಲಿ, ನೀವು ಕತ್ತಲೆ ಕ್ಯಾಬಿನ್‌ನಲ್ಲಿ ಕೂತು ನೋಡಿ. ಹರಿದ ಗೇರ್ ಲಿವರ್ ರಬ್ಬರ್, ಪೆಡಲ್ ತೂತು, ಇಂಜಿನ್ ಕವರ್ ಅಂಚು, ಎಲ್ಲಿ ಬೆಳಕು ಇಣುಕುತ್ತದೋ ಅದನ್ನೆಲ್ಲ ಮುಚ್ಚಿಸಿ. ಆದರೆ ಮೊದಲು ಗ್ಯಾಸ್ಕೆಟ್.